ಹಾಡಿನ ಲೈಬ್ರರಿ ಕೈತಪ್ಪಿ ಹೋಗದ ಹಾಗೆ ಕಾಪಾಡ್ಕೊಳ್ಳೋದು ಹೇಗೆ, ಮೊದಲಿಂದ ಕೊನೆವರೆಗೆ

"ಡಿಸ್ಕಲ್ಲಿದ್ದ ಹಾಡೆಲ್ಲ ಹೋಯ್ತು, ಏನಾದ್ರೂ ಮಾಡಕ್ಕಾಗತ್ತಾ?" ಅಂತ ಕೇಳೋರು ಒಬ್ರಲ್ಲ ಇಬ್ರಲ್ಲ. ಪದೇ ಪದೇ ಬರೋ ಪ್ರಶ್ನೆ ಇದು, ಪ್ರತಿ ಸಲ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಆದ್ರೆ ಒಂದು ಭಾನುವಾರ ಕೂತು ಮಾಡಿದ್ರೆ ಮುಗಿಯೋ ಕೆಲಸ.

ಕೇಳೋರಲ್ಲಿ ಬಹಳ ಜನ ಅಂದ್ಕೊಂಡಿರೋದು ಡಿಸ್ಕ್ ಕೆಟ್ಟೋದ್ರೆ ಮಾತ್ರ ಹಾಡು ಹೋಗತ್ತೆ ಅಂತ. ಆದ್ರೆ ವಿಚಾರಿಸ್ತಾ ಹೋದ್ರೆ ಹೆಚ್ಚಿನ ಕತೆ ಬೇರೇನೇ ಇರತ್ತೆ: ಡೂಪ್ಲಿಕೇಟ್ ತೆಗೀತೀನಿ ಅಂತ ಹೋಗಿ ಒರಿಜಿನಲ್ ತೆಗೆದಿದ್ದು, ಎರಡು ಫೋಲ್ಡರನ್ನ ಒಂದೇ ತರ ಮಾಡೋ ಸಿಂಕನ್ನ ಉಲ್ಟಾ ಮಾಡಿದ್ದು, ಹಾಡಿನ ವಿವರ ತುಂಬೋ ಟ್ಯಾಗ್ ಸಾಫ್ಟ್‌ವೇರ್ ಒಂದೇ ಏಟಿಗೆ ನೂರಾರು ಫೈಲಿನ ಹೆಸರು ಬದಲಾಯಿಸಿದ್ದು. ಎಲ್ಲಾ ನಮ್ಮ ಕೈಯಿಂದಾನೇ, ಡಿಸ್ಕ್ ಚೆನ್ನಾಗಿರುವಾಗಾನೇ ಆಗಿರೋದು. ಅದಕ್ಕೆ ಬರೀ "ಇನ್ನೊಂದು ಕಾಪಿ ಇಟ್ಕೊಳ್ಳಿ" ಅಂದ್ರೆ ಸಾಲಲ್ಲ, ಆ ಕಾಪಿ ನಮ್ಮ ತಪ್ಪನ್ನೂ ತಡ್ಕೊಳ್ಳೋ ಹಾಗಿರಬೇಕು. ಕೆಳಗಿರೋ ಎಲ್ಲಾ ಹಂತಗಳ ಹಿಂದಿರೋದು ಈ ಒಂದೇ ಲೆಕ್ಕ.

ಈಗಷ್ಟೇ ಡಿಲೀಟ್ ಆಗಿದ್ದು ಇದನ್ನ ಓದ್ತಿದ್ರೆ

ಮೊದಲು ಆ ಡಿಸ್ಕ್ ಮುಟ್ಟೋದು ನಿಲ್ಸಿ. ಹೊಸ ಫೈಲ್ ಹಾಕ್ಬೇಡಿ, ರಿಕವರಿ ಸಾಫ್ಟ್‌ವೇರ್ ಕೂಡ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡ್ಬೇಡಿ. ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕಲ್ಲಿ ಡಿಲೀಟ್ ಅಂದ್ರೆ ಫೈಲ್ ಇರೋ ಜಾಗ ಖಾಲಿ ಅಂತ ಗುರುತು ಹಾಕೋದಷ್ಟೇ, ಒಳಗಿನ ಡೇಟಾ ಇನ್ನೂ ಅಲ್ಲೇ ಇರತ್ತೆ, ಅದರ ಮೇಲೆ ಬೇರೇದು ಬರೆದಾಗಲೇ ನಿಜವಾಗಿ ಹೋಗೋದು. ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ಚಿಪ್ ಮೇಲೆ ಬರೆಯೋ ಡ್ರೈವ್) ಆಗಿದ್ರೆ ಕಷ್ಟ, ಅದರಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ಡಿಲೀಟ್ ಆದ ಜಾಗಾನ ಡ್ರೈವ್ ತಾನೇ ಒರೆಸಿ ಇಡತ್ತೆ, ಹಾಗಾಗಿ ಸಾಮಾನ್ಯವಾಗಿ ವಾಪಸ್ ಸಿಗಲ್ಲ.

ರಿಸೈಕಲ್ ಬಿನ್ ನೋಡಿ, ಕ್ಲೌಡಲ್ಲಿ ಇಟ್ಟಿದ್ರೆ ಅಲ್ಲಿನ ಟ್ರ್ಯಾಶ್ ನೋಡಿ, ಗೂಗಲ್ ಡ್ರೈವಲ್ಲಿ ಟ್ರ್ಯಾಶಿಗೆ ಹೋಗಿದ್ದು 30 ದಿನ ಇರತ್ತೆ, ಆಮೇಲೆ ತಾನಾಗೇ ಅಳಿಯತ್ತೆ. ಅಲ್ಲೂ ಇಲ್ಲ ಅಂದ್ರೆ ಫೋಟೋರೆಕ್, ರೆಕುವಾ ತರದ ರಿಕವರಿ ಸಾಫ್ಟ್‌ವೇರನ್ನ ಬೇರೆ ಡಿಸ್ಕಿಂದ ಓಡಿಸಿ, ಸಿಕ್ಕಿದ್ದನ್ನ ಬೇರೆ ಡಿಸ್ಕಿಗೇ ಬರೆಸಿ. ಫೋಟೋರೆಕ್ ಹೆಸರಲ್ಲಿ ಫೋಟೋ ಇದ್ರೂ ಎಂಪಿ3, ಫ್ಲ್ಯಾಕ್ ತರದ ಹಾಡಿನ ಫೈಲನ್ನೂ ಹುಡುಕತ್ತೆ. ಆದ್ರೆ ಫೈಲಿನ ಹೆಸರು ಬರಲ್ಲ, ನಂಬರ್ ಇರೋ ಸಾವಿರ ಫೈಲ್ ಸಿಗತ್ತೆ ಅಷ್ಟೇ. ಫೈಲಿನೊಳಗೇ ಟ್ಯಾಗ್ ಸರಿಯಾಗಿ ತುಂಬಿಟ್ಟಿದ್ರೆ ಅದನ್ನ ಓದಿಸಿ ಹೆಸರು ವಾಪಸ್ ಕೊಡಬಹುದು. ಟ್ಯಾಗ್ ಅಂದ್ರೆ ಹಾಡಿನ ಹೆಸರು, ಗಾಯಕರು, ಆಲ್ಬಂ ಇದೆಲ್ಲ ಫೈಲಿನೊಳಗೇ ಬರೆದಿಟ್ಟಿರೋ ಚೀಟಿ.

ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ರೆ ಇದ್ಯಾವುದೂ ಬೇಡ. ಆಫ್ ಮಾಡಿ, ಡೇಟಾ ರಿಕವರಿ ಮಾಡೋರ ಹತ್ರ ತಗೊಂಡೋಗಿ, ಪ್ರತಿ ಸಲ ಆನ್ ಮಾಡಿದಾಗ್ಲೂ ಇನ್ನಷ್ಟು ಹಾಳಾಗತ್ತೆ.

ಏನೇನು ಬೇಕು

ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಒಂದೊಂದೂ ನಿಮ್ಮ ಲೈಬ್ರರಿಯ ಸುಮಾರು ಎರಡರಷ್ಟು ದೊಡ್ಡದಿರಲಿ, ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗತ್ತೆ. ಸೈಜ್ ಅಂದಾಜು ಬೇಕಾದ್ರೆ: 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂಬಿ ತಗೊಳತ್ತೆ, ಅಂದ್ರೆ ಐದು ನಿಮಿಷದ ಹಾಡು 12 ಎಂಬಿ, ಸಾವಿರ ಹಾಡು 12 ಜಿಬಿ. ಸಿಡಿಯಿಂದ ಒಂಚೂರೂ ಕಡಿಮೆ ಮಾಡದೇ ತೆಗೆದಿದ್ದು ನಿಮಿಷಕ್ಕೆ 10 ಎಂಬಿ ಮೇಲಾಗತ್ತೆ, ಅದನ್ನೇ ಫ್ಲ್ಯಾಕ್ ಮಾಡಿದ್ರೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲಿನ ಒಳಗೆ ಬರತ್ತೆ. ಫ್ಲ್ಯಾಕ್ ಅಂದ್ರೆ ಜಾಗ ಉಳಿಸೋ ಆದ್ರೆ ದನಿಯಲ್ಲಿ ಏನನ್ನೂ ಕಿತ್ತುಹಾಕದ ಫಾರ್ಮ್ಯಾಟ್, ಎಂಪಿ3 ಕೆಲವನ್ನ ಕಿತ್ತುಹಾಕಿ ಚಿಕ್ಕದಾಗತ್ತೆ.

ಬ್ಯಾಕಪ್ಪಿಗೆ ಪೆನ್‌ಡ್ರೈವ್ ನಂಬ್ಕೊಳ್ಬೇಡಿ. ಸಾಗಿಸೋಕೆ ಸರಿ, ವರ್ಷಗಟ್ಲೆ ಡ್ರಾಯರಲ್ಲಿ ಇಡೋಕಲ್ಲ, ಅದರಲ್ಲಿ ಡೇಟಾ ನಿಂತಿರೋದು ಸಣ್ಣ ಎಲೆಕ್ಟ್ರಿಕ್ ಚಾರ್ಜ್ ಮೇಲೆ, ಅದು ನಿಧಾನಕ್ಕೆ ಸೋರತ್ತೆ.

ಹಂತ 1: ಏನೇನಿದೆ, ಎಲ್ಲೆಲ್ಲಿದೆ ನೋಡಿ

ಹಾಡು ಒಂದೇ ಕಡೆ ಇರಲ್ಲ. ಫೋನು, ಹಳೇ ಲ್ಯಾಪ್‌ಟಾಪು, ಮೆಮೊರಿ ಕಾರ್ಡು, ಯಾವತ್ತೋ ಬರ್ನ್ ಮಾಡಿದ ಸಿಡಿ, ವಾಟ್ಸಾಪಲ್ಲಿ ಯಾರೋ ಕಳ್ಸಿದ ಆಡಿಯೋ. ಎಲ್ಲಾನೂ ಕಂಪ್ಯೂಟರಲ್ಲಿ ಒಂದೇ ದೊಡ್ಡ ಫೋಲ್ಡರಿಗೆ ತನ್ನಿ, ಅದನ್ನ ಮೂಲ ಫೋಲ್ಡರ್ ಅಂತ ಕರೆಯೋಣ. ತರುವಾಗ ಕಾಪಿ ಮಾಡಿ, ಕಟ್ ಪೇಸ್ಟ್ ಬೇಡವೇ ಬೇಡ, ಮಧ್ಯದಲ್ಲಿ ಕೇಬಲ್ ಅಲ್ಲಾಡಿದ್ರೆ ಆ ಕಡೇನೂ ಇಲ್ಲ ಈ ಕಡೇನೂ ಇಲ್ಲ ಅನ್ನೋ ಸ್ಥಿತಿ ಆಗತ್ತೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬ ಇದೆ. ಸ್ಪಾಟಿಫೈ ತರದ ಆ್ಯಪಲ್ಲಿ ಡೌನ್‌ಲೋಡ್ ಒತ್ತಿ ಇಟ್ಕೊಂಡಿರೋದು ನಿಮ್ಮ ಲೈಬ್ರರಿ ಆಗಲ್ಲ, ಅದು ಬೀಗ ಹಾಕಿರೋ ಫೈಲು, ಚಂದಾ ನಿಂತ ದಿನ ಓಡಲ್ಲ, ಬೇರೆ ಕಡೆ ಕಾಪಿ ಮಾಡಿದ್ರೂ ಉಪಯೋಗ ಇಲ್ಲ. ಅಲ್ಲಿನ ಪ್ಲೇಲಿಸ್ಟಲ್ಲಿರೋ ಹಾಡುಗಳ ಹೆಸರು ಮಾತ್ರ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಟ್ಕೊಳ್ಳಿ.

ಆಮೇಲೆ ಮನಸ್ಸಲ್ಲೇ ಮೂರು ಗುಂಪು ಮಾಡಿ. ಪ್ರಪಂಚದಲ್ಲಿ ಬೇರೆಲ್ಲೂ ಸಿಗದೇ ಇರೋದು, ಅಂದ್ರೆ ನೀವೇ ರೆಕಾರ್ಡ್ ಮಾಡಿದ್ದು, ಮನೆಯವರ ದನಿ, ಹಳೇ ಕ್ಯಾಸೆಟ್ಟಿಂದ ಕೂತು ಇಳಿಸ್ಕೊಂಡಿದ್ದು. ಎರಡನೇದು ಹುಡುಕಿದ್ರೆ ಸಿಗಬಹುದು ಆದ್ರೆ ಕಷ್ಟ ಅನ್ನೋವು. ಮೂರನೇದು ಯಾವಾಗ ಬೇಕಾದ್ರೂ ಮತ್ತೆ ತಗೋಬಹುದಾದ್ದು. ಮೊದಲ ಗುಂಪನ್ನ ಒಂದು ಪ್ರತ್ಯೇಕ ಫೋಲ್ಡರಲ್ಲಿಡಿ. ಅದು ಸಾಮಾನ್ಯವಾಗಿ ತುಂಬ ಚಿಕ್ಕದಿರತ್ತೆ, ಕೆಲವು ಜಿಬಿ ಅಷ್ಟೇ, ಆದ್ರೆ ಇವತ್ತು ರಾತ್ರಿ ಬೇರೇನೂ ಮಾಡಕ್ಕಾಗಲ್ಲ ಅಂದ್ರೂ ಇದೊಂದನ್ನ ಇನ್ನೆರಡು ಕಡೆ ಕಾಪಿ ಮಾಡೇ ಮಲಗಿ. ಕ್ಯಾಸೆಟ್ ಇಳಿಸಾದ್ಮೇಲೆ ಕ್ಯಾಸೆಟ್ಟನ್ನ ಎಸೀಬೇಡಿ ಕೂಡ, ಅದೂ ಒಂದು ಕಾಪೀನೇ.

ಹಂತ 2: ಫೈಲ್ ಜೊತೆ ಇನ್ನೂ ಏನಿದೆ ನೋಡಿ

ಹಾಡೆಲ್ಲ ವಾಪಸ್ ಸಿಕ್ತು ಆದ್ರೆ ಹತ್ತು ವರ್ಷದಿಂದ ಕಟ್ಟಿದ ಪ್ಲೇಲಿಸ್ಟು, ಸ್ಟಾರು, ಎಷ್ಟು ಸಲ ಕೇಳಿದೀವಿ ಅನ್ನೋ ಲೆಕ್ಕ ಎಲ್ಲಾ ಹೋಯ್ತು ಅಂತ ಬೇಜಾರಾಗೋರು ತುಂಬ ಜನ. ಇವು ಹೆಚ್ಚಾಗಿ ಹಾಡಿನ ಫೈಲಲ್ಲಿ ಇರಲ್ಲ, ಪ್ಲೇಯರ್‌ನ ಡೇಟಾಬೇಸ್ ಅಂತ ಬೇರೆ ಫೈಲಲ್ಲಿರತ್ತೆ, ಅದು ಮೂಲ ಫೋಲ್ಡರಿಂದ ಹೊರಗೆ ಎಲ್ಲೋ ಇರತ್ತೆ. ನಿಮ್ಮ ಪ್ಲೇಯರ್ ಅದನ್ನ ಎಲ್ಲಿಡತ್ತೆ ಅಂತ ಸೆಟ್ಟಿಂಗ್ಸಲ್ಲಿ ನೋಡಿ, ಆ ಫೋಲ್ಡರನ್ನೂ ಬ್ಯಾಕಪ್ ಪಟ್ಟಿಗೆ ಸೇರಿಸಿ, ಪ್ಲೇಯರ್ ಮುಚ್ಚಿ ಆಮೇಲೆ ಕಾಪಿ ಮಾಡಿ.

ಪ್ಲೇಲಿಸ್ಟುಗಳನ್ನ ಎಕ್ಸ್‌ಪೋರ್ಟ್ ಮಾಡುವಾಗ ಎಂ3ಯು ಮತ್ತು ಎಂ3ಯು8 ಅಂತ ಎರಡು ಕಾಣತ್ತೆ. ಎಂ3ಯು8 ಆರಿಸಿ, ಅದರಲ್ಲಿ ಯುನಿಕೋಡ್ ಅಕ್ಷರ (ಕನ್ನಡ ಸೇರಿ ಎಲ್ಲಾ ಲಿಪಿಯವು) ಖಂಡಿತ ಉಳಿಯತ್ತೆ. ಹಳೇ ಎಂ3ಯು ಆರಿಸಿದ್ರೆ ಕನ್ನಡದ ಹೆಸರಿರೋ ಫೈಲಿನ ಸಾಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗೋ ಸಾಧ್ಯತೆ ಇದೆ, ಆಮೇಲೆ ಯಾವ ಹಾಡು ಅಂತ ಅದರಿಂದ ತಿಳಿಯಲ್ಲ. ರಿಲೇಟಿವ್ ಪಾತ್ ಅಂತ ಆಯ್ಕೆ ಇದ್ರೆ ಅದನ್ನೂ ಹಾಕಿ, ಅಂದ್ರೆ ಇಡೀ ವಿಳಾಸ ಬರೆಯೋ ಬದಲು "ಇದೇ ಫೋಲ್ಡರಿನ ಪಕ್ಕದಲ್ಲಿ" ಅಂತ ಬರೆಯತ್ತೆ, ಡ್ರೈವ್ ಬದಲಾದ್ರೂ ಪ್ಲೇಲಿಸ್ಟ್ ಮುರಿಯಲ್ಲ.

ಹಂತ 3: ಕನ್ನಡದ ಹೆಸರುಗಳಿದ್ರೆ ಈ ಹಂತ ಬಿಡಬೇಡಿ

ಇಂಗ್ಲಿಷಲ್ಲಿರೋ ಯಾವ ಗೈಡಲ್ಲೂ ಇದನ್ನ ಬರೆದಿದ್ದು ನನಗೆ ಕಂಡಿಲ್ಲ, ನಮ್ಮಂಥ ಲಿಪಿಯಲ್ಲಿ ಬರೆಯೋರಿಗೆ ಬಡಿಯೋ ತೊಂದರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ವಿಂಡೋಸಲ್ಲಿ ಫೈಲಿನ ಹೆಸರು 255 ಅಕ್ಷರದವರೆಗೆ ಇರಬಹುದು. ಲಿನಕ್ಸಲ್ಲಿ, ಹಾಗೇ ಲಿನಕ್ಸ್ ಓಡೋ ಬಹಳಷ್ಟು ನ್ಯಾಸ್ ಪೆಟ್ಟಿಗೆಗಳಲ್ಲೂ (ನ್ಯಾಸ್ ಅಂದ್ರೆ ನೆಟ್‌ವರ್ಕಿಗೆ ಸಿಕ್ಸೋ ಡಿಸ್ಕ್ ಪೆಟ್ಟಿಗೆ), ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅವರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಕನ್ನಡದ ಒಂದೊಂದು ಯುನಿಕೋಡ್ ಅಕ್ಷರಕ್ಕೂ ಮೂರು ಬೈಟ್ ಬೇಕು, ಮತ್ತೆ ಸ್ವರಚಿಹ್ನೆ, ಅರ್ಧಾಕ್ಷರ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. "ಕೃಷ್ಣ" ಅಂತ ಬರೆದ್ರೆ ಕಣ್ಣಿಗೆ ಎರಡೇ ಅಕ್ಷರ, ಒಳಗೆ ಐದು, ಅಂದ್ರೆ 15 ಬೈಟ್. ಲೆಕ್ಕ ಹಾಕಿ, ಇಡೀ ಹೆಸರಿಗೆ ಸಿಗೋದು ಹೆಚ್ಚು ಅಂದ್ರೆ 85. ಹಾಡಿನ ಮೊದಲ ಸಾಲು, ಗಾಯಕರ ಹೆಸರು, ಸಿನಿಮಾ ಹೆಸರು ಎಲ್ಲಾ ಕನ್ನಡದಲ್ಲಿ ಸೇರಿಸಿ ಫೈಲಿಗೆ ಇಟ್ಟಿದ್ರೆ ಅದು ಆರಾಮಾಗಿ ದಾಟತ್ತೆ. ಎನ್‌ಕ್ರಿಪ್ಟ್ ಮಾಡಿದ (ಅಂದ್ರೆ ಪಾಸ್‌ವರ್ಡ್ ಇಲ್ದೇ ಓದಕ್ಕಾಗದ ಹಾಗೆ ಬೀಗ ಹಾಕಿದ) ಫೋಲ್ಡರುಗಳಲ್ಲಿ ಕೆಲವು ಕಡೆ ಮಿತಿ ಇನ್ನೂ ಕಡಿಮೆ, 143 ಬೈಟ್, ಅಂದ್ರೆ 47 ಕನ್ನಡ ಅಕ್ಷರಾನೂ ಕಷ್ಟ.

ಆಗ ಏನಾಗತ್ತೆ ಅಂದ್ರೆ, ಸಾವಿರಾರು ಫೈಲ್ ಕಾಪಿ ಆಗೋ ಮಧ್ಯೆ ಆ ಉದ್ದ ಹೆಸರಿನವು ಮಾತ್ರ ಎರರ್ ಕೊಟ್ಟು ಬಿಟ್ಟೋಗತ್ತೆ, ನಾವು ಸ್ಕಿಪ್ ಒತ್ತಿ ಮರೀತೀವಿ, ಬ್ಯಾಕಪ್ ಇದೆ ಅಂತ ನಂಬ್ಕೊಂಡು ವರ್ಷ ಕಳೀತೀವಿ. ಪರಿಹಾರ ಸುಲಭ: ಫೈಲ್ ಹೆಸರು ಚಿಕ್ಕದಾಗಿಡಿ, ಕ್ರಮಸಂಖ್ಯೆ ಮತ್ತೆ ಹಾಡಿನ ಮೊದಲ ಎರಡು ಮೂರು ಪದ ಸಾಕು, ಉಳಿದ ವಿವರ ಎಲ್ಲಾ ಟ್ಯಾಗಲ್ಲಿ ಬರೀರಿ. ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಚಿಹ್ನೆ, ಡಬಲ್ ಕೋಟ್ ಇವು ಬೇಡ, ವಿಂಡೋಸ್ ಒಪ್ಪಲ್ಲ.

ಟ್ಯಾಗಲ್ಲೂ ಒಂದು ಗುಂಡಿ ಇದೆ. ಎಂಪಿ3 ಟ್ಯಾಗಿಗೆ ಐಡಿ3 ಅಂತ ಹೆಸರು, ಅದರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇರೋ ಜಾಗ ಬರೀ 30 ಬೈಟ್, ಕನ್ನಡಕ್ಕೆ ಅದು ಮಾಡಿದ್ದೇ ಅಲ್ಲ. ಯಾವುದೋ ಹಳೇ ಸಾಫ್ಟ್‌ವೇರ್ ಎಲ್ಲಾ ಟ್ಯಾಗನ್ನೂ ಆ ಆವೃತ್ತಿಗೆ ಇಳಿಸಿಬಿಟ್ರೆ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗತ್ತೆ. ಇದು ತೋರಿಕೆಯ ತೊಂದರೆ ಆಗಿರಲ್ಲ, ಡೇಟಾ ನಿಜವಾಗ್ಲೂ ಹೋಗಿರತ್ತೆ. ಟ್ಯಾಗ್ ಎಡಿಟರಿನ ಸೆಟ್ಟಿಂಗ್ಸಲ್ಲಿ ಐಡಿ3 2.3 ಆವೃತ್ತಿ, ಯುಟಿಎಫ್-16 ಅಂತ ಆರಿಸಿಡಿ, ಬಹುತೇಕ ಎಲ್ಲಾ ಪ್ಲೇಯರ್ ಓದತ್ತೆ.

ಹಂತ 4: ಮೊದಲ ಕಾಪಿ

ಹೊಸ ಡಿಸ್ಕ್ ತಂದ ಮೇಲೆ ಅದರ ಫಾರ್ಮ್ಯಾಟ್ ನೋಡಿ, ಅಂದ್ರೆ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ರೀತಿ. ವಿಂಡೋಸ್ ಮಾತ್ರ ಉಪಯೋಗಿಸೋರಿಗೆ ಎನ್‌ಟಿಎಫ್‌ಎಸ್ ಒಳ್ಳೇದು. ಎಕ್ಸ್‌ಫ್ಯಾಟ್ ಎಲ್ಲಾ ಕಡೆ ಓಡತ್ತೆ ನಿಜ, ಆದ್ರೆ ಅದರಲ್ಲಿ ಜರ್ನಲ್ ಇಲ್ಲ, ಅಂದ್ರೆ ಏನು ಬರೀತಿದೀನಿ ಅನ್ನೋ ದಿನಚರಿ ಇಟ್ಕೊಳಲ್ಲ, ಬರೆಯೋ ಮಧ್ಯೆ ಕೇಬಲ್ ಕಿತ್ರೆ ಹಾಳಾಗೋ ಸಾಧ್ಯತೆ ಜಾಸ್ತಿ. ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಬೇಕೇಬೇಕು ಅಂದ್ರೆ ಮಾತ್ರ ಅದು.

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ, ಬೈಟ್ ಲೆಕ್ಕ ಎರಡೂ ಹೋಲಿಸಿ. "ಸೈಜ್ ಆನ್ ಡಿಸ್ಕ್" ನೋಡ್ಬೇಡಿ, ಅದು ಡಿಸ್ಕಿಂದ ಡಿಸ್ಕಿಗೆ ಬೇರೆ ಇರತ್ತೆ, "ಸೈಜ್" ಅಂತ ಇರೋದು ಮಾತ್ರ. ಸಂಖ್ಯೆ ಒಂದೇ ಒಂದು ಕಡಿಮೆ ಇದ್ರೂ ಯಾವುದು ಅಂತ ಹುಡುಕಿ. ಆಮೇಲೆ ಎಜೆಕ್ಟ್ ಕೊಟ್ಟೇ ತೆಗೀರಿ, ಕಾಪಿ ಮುಗೀತು ಅಂತ ಪರದೆ ಹೇಳಿದ್ರೂ ಕೊನೇ ತುಣುಕು ಇನ್ನೂ ಮೆಮೊರಿಯಲ್ಲೇ ಇರಬಹುದು.

ತೆಗೆದ ಮೇಲೆ ಅದು ತೆಗೆದೇ ಇರಲಿ. ಯಾವಾಗ್ಲೂ ಸಿಕ್ಕಿಸಿಯೇ ಇಟ್ಟಿರೋ ಬ್ಯಾಕಪ್ ಡಿಸ್ಕು ವೋಲ್ಟೇಜ್ ಏರುಪೇರಿಗೂ ಸಿಗತ್ತೆ, ರ್ಯಾನ್ಸಮ್‌ವೇರಿಗೂ ಸಿಗತ್ತೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸಿಗೆ ರ್ಯಾನ್ಸಮ್‌ವೇರ್ ಅಂತಾರೆ, ಸಿಕ್ಕಿಸಿರೋ ಎಲ್ಲಾ ಡ್ರೈವೂ ಅದಕ್ಕೆ ಒಂದೇ.

ಹಂತ 5: ಸಿಂಕ್ ಬೇರೆ, ಬ್ಯಾಕಪ್ ಬೇರೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದ್ತೀನಿ ಅನ್ನೋರು ಇದನ್ನ ಓದಿ.

ಸಿಂಕ್ ಅಂದ್ರೆ ಎರಡು ಫೋಲ್ಡರನ್ನ ಒಂದೇ ತರ ಇಡೋದು. ಇಲ್ಲಿ ಸೇರಿಸಿದ್ರೆ ಅಲ್ಲೂ ಸೇರತ್ತೆ, ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಯತ್ತೆ. ಅಂದ್ರೆ ನಿಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಆ ಕಡೆ ದಾಟಿಸತ್ತೆ. ನ್ಯಾಸಲ್ಲಿ ಇರೋ ರೇಡ್ ಕೂಡ ಹೀಗೇ, ಎರಡು ಡಿಸ್ಕಿಗೆ ಒಟ್ಟಿಗೇ ಬರೆಯತ್ತೆ, ಒಂದು ಡಿಸ್ಕ್ ಸತ್ರೆ ಕೆಲಸ ನಿಲ್ಲಲ್ಲ ಅನ್ನೋದಕ್ಕೆ ಅದಿರೋದು, ನೀವು ಡಿಲೀಟ್ ಒತ್ತಿದ್ರೆ ಎರಡರಿಂದಲೂ ಅದೇ ಕ್ಷಣ ಹೋಗತ್ತೆ. ನನಗೇ ಒಮ್ಮೆ ಆಗಿತ್ತು, ಮೂಲ ಡಿಸ್ಕ್ ಸಿಕ್ಕಿಸದೇ ಮಿರರ್ (ಮೂಲ ಹೇಗಿದೆಯೋ ಬ್ಯಾಕಪ್ಪನ್ನೂ ಹಾಗೇ ಮಾಡೋ ಸಿಂಕ್) ಓಡಿಸಿದ್ದೆ, ಆ ಹೆಸರಲ್ಲಿ ಖಾಲಿ ಫೋಲ್ಡರ್ ಒಂದಿತ್ತು, ಖಾಲೀನೇ ಸರಿ ಅಂತ ತಿಳ್ಕೊಂಡು ಅದು ಬ್ಯಾಕಪ್ಪನ್ನ ಖಾಲಿ ಮಾಡಿತ್ತು, ಆ ಕಡೆ ಮೂಲ ಡಿಸ್ಕ್ ಇದ್ದಿದ್ದಕ್ಕೆ ಉಳೀತು.

ಬ್ಯಾಕಪ್ ಅಂದ್ರೆ ಹಿಂದಿನ ಒಂದು ದಿನಕ್ಕೆ ವಾಪಸ್ ಹೋಗೋಕೆ ಆಗಬೇಕು. ಅಳಿಸಿದ್ದು, ಬದಲಾಯಿಸಿದ್ದು ಎರಡರ ಹಳೇ ರೂಪಾನೂ ಕೆಲವು ತಿಂಗಳು ಎಲ್ಲೋ ಉಳಿದಿರಬೇಕು, ಇದಕ್ಕೆ ವರ್ಶನಿಂಗ್ ಅಂತಾರೆ. ಡಿಸ್ಕ್ ಎರಡರಷ್ಟು ದೊಡ್ಡದಿರಲಿ ಅಂದಿದ್ದು ಇದಕ್ಕೇ, ಹಳೇ ರೂಪಗಳಿಗೂ ಜಾಗ ಬೇಕಲ್ಲ.

ಏನು ಉಪಯೋಗಿಸಬೇಕು? ಹೊಸಬರಿಗೆ ನಾನು ಹೇಳೋದು ಫ್ರೀಫೈಲ್‌ಸಿಂಕ್, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರಕ್ಕೂ ಇದೆ. ಎಡಗಡೆ ಮೂಲ ಫೋಲ್ಡರ್, ಬಲಗಡೆ ಬ್ಯಾಕಪ್ ಡಿಸ್ಕಿನ ಫೋಲ್ಡರ್, ಮಿರರ್ ಆರಿಸಿ, ಆದ್ರೆ ಅಳಿಸಿದ ಫೈಲಿಗೆ ಏನು ಮಾಡಬೇಕು ಅನ್ನೋ ಕಡೆ "ಪರ್ಮನೆಂಟ್" ಅಲ್ಲದೇ "ವರ್ಶನಿಂಗ್" ಆರಿಸಿ, ಅದೇ ಬ್ಯಾಕಪ್ ಡಿಸ್ಕಲ್ಲಿ "ಹಳೆಯವು" ಅಂತ ಬೇರೆ ಫೋಲ್ಡರ್ ಕೊಡಿ, ಟೈಮ್ ಸ್ಟ್ಯಾಂಪ್ ಇರೋ ಹೆಸರಿನ ಆಯ್ಕೆ ಹಾಕಿ. ಈಗ ಅಳಿದಿದ್ದು, ಬದಲಾಗಿದ್ದು ಎಲ್ಲಾ ತಾರೀಕಿನ ಸಮೇತ ಅಲ್ಲಿಗೆ ಹೋಗಿ ಕೂತ್ಕೊಳತ್ತೆ.

ಪ್ರತಿ ಸಲ ಓಡಿಸೋ ಮುಂಚೆ ಮೊದಲು ಕಂಪೇರ್ ಒತ್ತಿ, ಎಷ್ಟು ಸೇರತ್ತೆ ಎಷ್ಟು ಅಳಿಯತ್ತೆ ಅನ್ನೋ ಸಂಖ್ಯೆ ಓದಿ. ನೀವು ಈ ವಾರ ಹತ್ತು ಹಾಡು ಹಾಕಿದೀರ, ಅದು 800 ಫೈಲ್ ಅಳಿಸ್ತೀನಿ ಅಂತಿದೆ ಅಂದ್ರೆ ಅಲ್ಲೇ ನಿಲ್ಸಿ, ಎಲ್ಲೋ ಎಡವಟ್ಟಾಗಿದೆ. ಈ ಹತ್ತು ಸೆಕೆಂಡಿನ ಓದು ಉಳಿಸಿದಷ್ಟು ಹಾಡನ್ನ ಬೇರೆ ಯಾವುದೂ ಉಳಿಸಲ್ಲ ಅಂತ ನನ್ನ ನಂಬಿಕೆ.

ಕಮಾಂಡ್ ಟೈಪ್ ಮಾಡೋರಿಗೆ ಆರ್‌ಸಿಂಕ್, ರೋಬೋಕಾಪಿ ಗೊತ್ತಿರತ್ತೆ. ಆರ್‌ಸಿಂಕಿನ ಡಿಲೀಟ್ ಆಯ್ಕೆ, ರೋಬೋಕಾಪಿಯ ಮಿರ್ ಆಯ್ಕೆ ಎರಡೂ ಆ ಕಡೆ ಹೆಚ್ಚಿಗೆ ಇರೋದನ್ನ ಕೇಳದೇ ಅಳಿಸತ್ತೆ, ಹಾಗಾಗಿ ಆರ್‌ಸಿಂಕಲ್ಲಿ ಡ್ರೈ ರನ್ ಅಂತ ಬರೀ ನಟನೆ ಮಾಡ್ಸಿ ನೋಡೋದು ಮರೀಬೇಡಿ, ರೋಬೋಕಾಪಿಯಲ್ಲಿ ಅದೇ ಕೆಲಸಕ್ಕೆ ಎಲ್ ಆಯ್ಕೆ ಇದೆ. ಮೂಲ ಯಾವುದು ಗುರಿ ಯಾವುದು ಅಂತ ಎರಡು ಸಲ ಓದಿ, ಉಲ್ಟಾ ಆದ್ರೆ ಹಳೇ ಬ್ಯಾಕಪ್ ಬಂದು ಹೊಸ ಲೈಬ್ರರಿ ಮೇಲೆ ಕೂರತ್ತೆ.

ಮ್ಯಾಕಲ್ಲಿ ಟೈಮ್ ಮಶೀನ್ ಇದೆ, ತುಂಬ ಒಳ್ಳೇದು, ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿಂದು ವಾರಕ್ಕೊಂದು ರೂಪ ಇಡತ್ತೆ. ಆದ್ರೆ ಹಾಡು ಎಕ್ಸ್‌ಟರ್ನಲ್ ಡಿಸ್ಕಲ್ಲಿ ಇಟ್ಟಿದ್ರೆ ಆ ಡಿಸ್ಕನ್ನ ಅದು ತಾನಾಗೇ ಹೊರಗಿಟ್ಟಿರತ್ತೆ, ನೀವೇ ಸೆಟ್ಟಿಂಗ್ಸಿಗೆ ಹೋಗಿ ಬಿಟ್ಟಿರೋ ಪಟ್ಟಿಯಿಂದ ತೆಗೀಬೇಕು. ವಿಂಡೋಸಿನ ಫೈಲ್ ಹಿಸ್ಟರಿಯಲ್ಲೂ ಇದೇ ಕತೆ, ಮ್ಯೂಸಿಕ್ ಫೋಲ್ಡರ್ ಒಳಗಿದ್ರೆ ಸರಿ, ಇನ್ನೊಂದು ಡ್ರೈವಲ್ಲಿ ನೀವೇ ಮಾಡ್ಕೊಂಡ ಫೋಲ್ಡರಲ್ಲಿದ್ರೆ ಅದನ್ನ ಸೇರಿಸೋವರೆಗೂ ಬ್ಯಾಕಪ್ ಆಗಲ್ಲ.

ಹಂತ 6: ಒಂದು ಕಾಪಿ ಮನೆಯಿಂದ ಹೊರಗೆ

3-2-1 ಅಂತ ಒಂದು ಲೆಕ್ಕ ಇದೆ, ಫೋಟೋಗ್ರಾಫರ್ ಪೀಟರ್ ಕ್ರೋಗ್ ಬಳಕೆಗೆ ತಂದಿದ್ದು: ಒಟ್ಟು ಮೂರು ಕಾಪಿ, ಎರಡು ಬೇರೆ ಬೇರೆ ತರದ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಬೆಂಕಿ, ನೀರು, ಕಳ್ಳತನ ಮೂರೂ ಮನೆಯಲ್ಲಿರೋ ಎಲ್ಲಾ ಡಿಸ್ಕಿಗೂ ಒಟ್ಟಿಗೇ ಆಗತ್ತೆ, ಅದಕ್ಕೆ ಎರಡನೇ ಡಿಸ್ಕನ್ನ ನಂಬಿಕಸ್ತರ ಮನೆಯಲ್ಲೋ ಆಫೀಸ್ ಡ್ರಾಯರಲ್ಲೋ ಇಡಿ, ಎರಡು ಮೂರು ತಿಂಗಳಿಗೊಮ್ಮೆ ಮನೆಯದ್ದನ್ನ ಅಲ್ಲಿಗೆ, ಅಲ್ಲಿಂದನ್ನ ಮನೆಗೆ ಅದಲು ಬದಲು ಮಾಡಿ. ಎನ್‌ಕ್ರಿಪ್ಟ್ ಮಾಡಿದ್ರೆ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ, ಅದು ಮರೆತೋದ್ರೆ ಡಿಸ್ಕ್ ಇದ್ದೂ ಇಲ್ಲದ ಹಾಗೆ.

ಕ್ಲೌಡ್ ಕೂಡ ಆಗಬಹುದು, ಆದ್ರೆ ಅದೊಂದೇ ಸಾಲಲ್ಲ. 2003ರಿಂದ 2015ರವರೆಗೆ ಜನ ಮೈಸ್ಪೇಸ್ ಅನ್ನೋ ಸೋಷಿಯಲ್ ಸೈಟಿಗೆ ಹಾಕಿದ ಹಾಡುಗಳು ಸರ್ವರ್ ಬದಲಾಯಿಸುವಾಗ ಹೋದವು, 2019ರಲ್ಲಿ ಅದು ಎಲ್ಲರಿಗೂ ಗೊತ್ತಾಯ್ತು, ಅಲ್ಲಿ ಮಾತ್ರ ಇಟ್ಟಿದ್ದ ಸಣ್ಣ ಬ್ಯಾಂಡುಗಳ ಮೊದಲ ರೆಕಾರ್ಡಿಂಗ್ ಅದರಲ್ಲೇ ಇದ್ವು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ತು, ಅದಕ್ಕೆ ಅಪ್‌ಲೋಡ್ ಮಾಡಿದ್ದ ಹಾಡುಗಳನ್ನ ಬೇರೆ ಕಡೆ ಸಾಗಿಸ್ಕೊಳ್ಳೋಕೆ 2021ರ ಫೆಬ್ರವರಿವರೆಗೆ ಮಾತ್ರ ಸಮಯ ಇತ್ತು. ಆಪಲ್ ಕೂಡ ತನ್ನ ಆಪಲ್ ಮ್ಯೂಸಿಕ್ ಬ್ಯಾಕಪ್ ಸೇವೆ ಅಲ್ಲ, ಬೇರೆ ಬ್ಯಾಕಪ್ ಮಾಡ್ಕೊಳ್ಳಿ ಅಂತ ತಾನೇ ಬರೆದಿದೆ. ಇನ್ನೊಂದು, ಗೂಗಲ್ ಡ್ರೈವ್ ಡೆಸ್ಕ್‌ಟಾಪ್ ಆ್ಯಪ್ ತರದ್ದು ಸಿಂಕ್ ಅನ್ನೋದು ನೆನಪಿರಲಿ, 5ನೇ ಹಂತ ಅಲ್ಲೂ ಅನ್ವಯ.

ನೆಟ್ ನಿಧಾನ ಇದ್ರೆ ಎಲ್ಲಾನೂ ಕ್ಲೌಡಿಗೆ ಹಾಕೋ ಹಟ ಬೇಡ. 1ನೇ ಹಂತದಲ್ಲಿ ಬೇರೆ ಇಟ್ರಲ್ಲ, ಎಲ್ಲೂ ಸಿಗದ ಗುಂಪು, ಅದನ್ನ ಮಾತ್ರ ಹಾಕಿ.

ಹಂತ 7: ಸದ್ದಿಲ್ಲದೇ ಕೆಡೋದನ್ನ ಹಿಡಿಯೋದು

ಫೈಲ್ ಇದೆ, ಸೈಜ್ ಸರಿ ಇದೆ, ಆದ್ರೆ ಮಧ್ಯೆ ಎಲ್ಲೋ ಕರ್ ಅಂತ ಸದ್ದು. ಡಿಸ್ಕಲ್ಲಿ ಕೆಲವು ಬಿಟ್ ಕೆಟ್ಟಾಗ ಹೀಗಾಗತ್ತೆ. ಸಾವಿರಾರು ಹಾಡಿದ್ರೆ ಕೇಳಿ ಕಂಡುಹಿಡಿಯೋಕಾಗಲ್ಲ, ಅದಕ್ಕೆ ಚೆಕ್‌ಸಮ್ ಬೇಕು. ಚೆಕ್‌ಸಮ್ ಅಂದ್ರೆ ಫೈಲಿನ ಬೆರಳಚ್ಚು, ಒಳಗೆ ಒಂದು ಬಿಟ್ ಬದಲಾದ್ರೂ ಬೆರಳಚ್ಚು ಪೂರ್ತಿ ಬೇರೆ ಬರತ್ತೆ.

ಫ್ಲ್ಯಾಕ್ ಇಟ್ಕೊಂಡಿರೋರಿಗೆ ಇಲ್ಲಿ ದೊಡ್ಡ ಲಾಭ, ಫೈಲ್ ತಯಾರಾಗುವಾಗಲೇ ಒಳಗಿನ ದನಿಯ ಎಂಡಿ5 ಬೆರಳಚ್ಚನ್ನ ಫೈಲಲ್ಲೇ ಬರೆದಿಟ್ಟಿರತ್ತೆ, ಅದೂ ದನಿಯದ್ದು ಮಾತ್ರ, ಹಾಗಾಗಿ ನೀವು ಟ್ಯಾಗ್ ಎಷ್ಟು ಸಲ ತಿದ್ದಿದ್ರೂ ಅದು ಹಾಗೇ ಇರತ್ತೆ. ಫೂಬಾರ್2000 ಪ್ಲೇಯರಲ್ಲಿ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಹಾಕ್ಕೊಂಡು ಇಡೀ ಲೈಬ್ರರಿ ಸೆಲೆಕ್ಟ್ ಮಾಡಿ ಓಡಿಸಿ ಮಲಗಿ, ಬೆಳಗ್ಗೆ ಕೆಟ್ಟವುಗಳ ಪಟ್ಟಿ ಸಿದ್ಧ. ಎಂಪಿ3ಗೆ ಅಂಥದ್ದು ಒಳಗಿಲ್ಲ, ಹೊರಗೆ ಶಾ-256 ಅನ್ನೋ ತರದ ಬೆರಳಚ್ಚುಗಳ ಪಟ್ಟಿ ಮಾಡಿಡಬೇಕು, ಟ್ಯಾಗ್ ತಿದ್ದಿದ್ರೆ ಆ ಪಟ್ಟಿ ಹೊಂದಲ್ಲ, ಹಾಗಾಗಿ ಟ್ಯಾಗ್ ಕೆಲಸ ಎಲ್ಲಾ ಮುಗಿದ ಮೇಲೆ ಪಟ್ಟಿ ಮಾಡಿ. ವರ್ಷಕ್ಕೊಮ್ಮೆ ಓಡಿಸಿದ್ರೆ ಸಾಕು. ಮೂಲದಲ್ಲಿ ಕೆಟ್ಟಿದ್ದು ಸಿಕ್ರೆ ಬ್ಯಾಕಪ್ಪಲ್ಲಿರೋ ಅದೇ ಫೈಲನ್ನ ಪರೀಕ್ಷಿಸಿ, ಸರಿ ಇದ್ರೆ ಅದನ್ನ ವಾಪಸ್ ತನ್ನಿ. ಇದಾಗೋವರೆಗೂ ಹೊಸ ಬ್ಯಾಕಪ್ ಓಡಿಸ್ಬೇಡಿ.

ಹಂತ 8: ಲೈಬ್ರರಿ ಮುಟ್ಟೋ ಮುಂಚೆ

ಟ್ಯಾಗ್ ತಿದ್ದೋಕೆ, ಹೆಸರು ಬದಲಿಸೋಕೆ, ಡೂಪ್ಲಿಕೇಟ್ ತೆಗೆಯೋಕೆ ಕೂರೋ ದಿನ ಮೊದಲು ಬ್ಯಾಕಪ್ ಓಡಿಸಿ, ಡಿಸ್ಕ್ ಕಿತ್ತಿಟ್ಟು ಆಮೇಲೆ ಶುರು ಮಾಡಿ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ತರದವು ಹಾಡು ಗುರುತಿಸಿ ಟ್ಯಾಗ್ ತುಂಬತ್ತೆ, ತುಂಬ ಉಪಯೋಗ, ಆದ್ರೆ ಅದೇ ಹಾಡಿನ ಬೇರೆ ಗಾಯನ ಅಂತ ತಪ್ಪು ಹೊಂದಿಸಿ ನೀವು ಕೈಯಾರೆ ಬರೆದಿದ್ದ ವಿವರ ಅಳಿಸಿಬಿಡಬಹುದು. ಫೈಲ್ ರಿನೇಮ್, ಫೈಲ್ ಮೂವ್ ಅನ್ನೋ ಎರಡು ಆಯ್ಕೆ ಮೊದಲು ಆಫ್ ಇರಲಿ, ಇಪ್ಪತ್ತು ಫೈಲಿನ ಮೇಲೆ ಪ್ರಯೋಗ ಮಾಡಿ ನೋಡಿ.

ಡೂಪ್ಲಿಕೇಟ್ ಹುಡುಕೋ ಸಾಫ್ಟ್‌ವೇರ್ ಹೆಸರೊಂದೇ ಇದ್ರೆ ಒಂದೇ ಹಾಡು ಅಂತ ತಿಳ್ಕೊಳ್ಳೋದಿದೆ, ಸಿನಿಮಾ ಹಾಡು ಮತ್ತೆ ಅದೇ ಹಾಡಿನ ವೇದಿಕೆ ಗಾಯನ ಎರಡರಲ್ಲಿ ಒಂದು ಹೋಗಿಬಿಡತ್ತೆ. ಅದು ಸೂಚಿಸಿದ್ದನ್ನ ಅಳಿಸೋ ಬದಲು ಬೇರೆ ಫೋಲ್ಡರಿಗೆ ಸರಿಸಿ, ಒಂದು ತಿಂಗಳು ಬಿಟ್ಟು ನೋಡಿ. ಪ್ಲೇಯರಲ್ಲಿ ಹಾಡು ತೆಗೆಯುವಾಗ ಬರೋ ಕಿಟಕಿಯನ್ನೂ ಓದಿ, ಪಟ್ಟಿಯಿಂದ ಮಾತ್ರ ತೆಗೆಯೋದು ಒಂದು ಬಟನ್, ಡಿಸ್ಕಿಂದಾನೇ ತೆಗೆಯೋದು ಇನ್ನೊಂದು, ಎರಡೂ ಅಕ್ಕಪಕ್ಕ ಇರತ್ತೆ. ಶಿಫ್ಟ್ ಒತ್ತಿ ಡಿಲೀಟ್ ಮಾಡೋ ಅಭ್ಯಾಸ ಇದ್ರೆ ಬಿಡಿ, ಅದು ರಿಸೈಕಲ್ ಬಿನ್ನಿಗೂ ಹೋಗಲ್ಲ.

ಹಂತ 9: ವಾಪಸ್ ತಂದು ನೋಡಿ

ಬ್ಯಾಕಪ್ ಮಾಡಿದೋರಲ್ಲಿ ಹೆಚ್ಚಿನವರು ಇದನ್ನ ಮಾಡಿರಲ್ಲ. ಬ್ಯಾಕಪ್ ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಹಾಕಿ, ಒಂದು ಆಲ್ಬಂ, ಒಂದು ಪ್ಲೇಲಿಸ್ಟು, "ಹಳೆಯವು" ಫೋಲ್ಡರಿಂದ ಒಂದು ಹಳೇ ರೂಪ, ಇಷ್ಟು ವಾಪಸ್ ತನ್ನಿ. ಹಾಡು ಕೊನೇವರೆಗೂ ಓಡತ್ತಾ, ಕನ್ನಡದ ಹೆಸರು ಸರಿಯಾಗಿ ಕಾಣತ್ತಾ, ಪ್ಲೇಲಿಸ್ಟಿಂದ ಹಾಡು ತೆರೆಯತ್ತಾ ನೋಡಿ. ಎಲ್ಲಾದ್ರೂ ಸಿಕ್ಕಾಕೊಂಡ್ರೆ ಈಗ ಸಿಕ್ಕಾಕೊಂಡಿದ್ದೇ ಒಳ್ಳೇದು, ಮೂಲ ಇನ್ನೂ ಇದೆ.

ಆಮೇಲೆ ಮೊಬೈಲ್ ಕ್ಯಾಲೆಂಡರಲ್ಲಿ ಮೂರು ಎಚ್ಚರಿಕೆ ಹಾಕಿ: ಹೊಸ ಹಾಡು ಎಷ್ಟು ಸೇರಿಸ್ತೀರ ಅನ್ನೋದರ ಮೇಲೆ ವಾರಕ್ಕೋ ತಿಂಗಳಿಗೋ ಒಮ್ಮೆ ಬ್ಯಾಕಪ್, ಮೂರು ತಿಂಗಳಿಗೆ ಡಿಸ್ಕ್ ಅದಲು ಬದಲು, ವರ್ಷಕ್ಕೊಮ್ಮೆ ಚೆಕ್‌ಸಮ್ ಮತ್ತೆ ಈ ವಾಪಸ್ ತರೋ ಪರೀಕ್ಷೆ. ವರ್ಷದ ಆ ದಿನಾನೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತರದ್ದರಲ್ಲಿ ಡಿಸ್ಕಿನ ಆರೋಗ್ಯಾನೂ ನೋಡ್ಬಿಡಿ. "ರಿಅಲೊಕೇಟೆಡ್ ಸೆಕ್ಟರ್", "ಪೆಂಡಿಂಗ್ ಸೆಕ್ಟರ್" ಅಂತ ಎರಡು ಸಾಲಿರತ್ತೆ, ಡಿಸ್ಕಲ್ಲಿ ಕೆಟ್ಟಿರೋ ಜಾಗದ ಲೆಕ್ಕ ಅದು, ಸೊನ್ನೆ ಇರಬೇಕು. ಹೋದ ವರ್ಷಕ್ಕಿಂತ ಏರಿದ್ರೆ ಆ ಡಿಸ್ಕನ್ನ ಬ್ಯಾಕಪ್ ಕೆಲಸದಿಂದ ಇಳಿಸಿ, ಹೊಸದು ತಂದು 4ನೇ ಹಂತದಿಂದ ಮತ್ತೆ ಶುರು ಮಾಡಿ.